ಚಾರ್ಜ್ ಎಂಬ ಹೇರು

ಇಂಗ್ಲಿಷಿನಲ್ಲಿ ನನಗೆ ಕಂಡರಾಗದ ಕ್ರಿಯಾಪದ ಒಂದಿದೆ. ಅದು ಚಾರ್ಜ್. ಹದಿನೇಳು ವರ್ಷದಿಂದ ಸರ್ಕಾರಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ಹೊಟ್ಟೆ ಹೊರೆಯುತ್ತಿರುವವಳು ಹೀಗೆ ಹೇಳಬಾರದು, ಅನ್ನ ಹಾಕುವ ಭಾಷೆ ಅದು. ಆದರೂ ಹೇಳುತ್ತೇನೆ. ಈ ಒಂದು ಪದವನ್ನು ಬಾಯಲ್ಲಿಟ್ಟುಕೊಂಡು ನಮ್ಮ ಕಡೆಯ ಜನ ಎಷ್ಟು ಹೇಡಿತನ ಮಾಡಬಲ್ಲರು ಎಂಬುದನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ನೌಕರಿ ನನ್ನನ್ನು ಜಿಲ್ಲೆಯ ಸುತ್ತ ತಿರುಗಿಸಿದೆ. ಮೊದಲು ಮುದ್ದೇಬಿಹಾಳ, ಆಮೇಲೆ ಸಿಂದಗಿ, ಕೊನೆಗೆ ಬಸವನ ಬಾಗೇವಾಡಿ ತಾಲ್ಲೂಕಿನ ಒಂದು ಹಳ್ಳಿ. ಹೋದಲ್ಲೆಲ್ಲ ಈ ಪದ ನನಗಿಂತ ಮೊದಲೇ ಬಂದು ಕೂತಿರುತ್ತಿತ್ತು. ಮುದ್ದೇಬಿಹಾಳದಲ್ಲಿ ಬಾಡಿಗೆ ಮನೆಯ ಯಜಮಾನತಿ ನೀರಿನ ಚಾರ್ಜ್ ಬೇರೆ, ಕರೆಂಟಿನ ಚಾರ್ಜ್ ಬೇರೆ ಎಂದು ದಿನಕ್ಕೆರಡು ಸಲ ನೆನಪಿಸುತ್ತಿದ್ದಳು. ಸಿಂದಗಿ ಬಸ್ ಸ್ಟ್ಯಾಂಡಿನಲ್ಲಿ ಗೋಡೆಯ ಪ್ಲಗ್ಗಿಗೆ ಫೋನು ಚುಚ್ಚಿಕೊಂಡು, ಸಲೈನ್ ಹಚ್ಚಿಸಿಕೊಂಡ ರೋಗಿಗಳ ಹಾಗೆ ಅಲುಗಾಡದೆ ನಿಂತ ಜನರನ್ನು ನೋಡಿದ್ದೇನೆ. ಪೊಲೀಸರದು ಲಾಠಿ ಚಾರ್ಜ್, ವಕೀಲರ ಬಾಯಲ್ಲಿ ಚಾರ್ಜ್‌ಶೀಟ್. ಬಂಡೆ ಒಡೆಯುವವರು ಕುಳಿಯೊಳಗೆ ಮದ್ದು ತುಂಬುವುದೂ ಚಾರ್ಜ್. ಹಳೆಯ ಪಾಠವೊಂದರಲ್ಲಿ ಗೂಳಿ ಮನುಷ್ಯನ ಮೇಲೆ ನುಗ್ಗುವುದೂ ಅದೇ. ಇಂಡಿಯಲ್ಲಿ ನನ್ನ ಗಂಡನ ಅಂಗಡಿಯ ಬೋರ್ಡಿನ ಮೇಲೆ ಇರುವುದೂ ಅದೇ: ಇಲ್ಲಿ ಟ್ರ್ಯಾಕ್ಟರ್ ಬ್ಯಾಟರಿ ಚಾರ್ಜ್ ಮಾಡಿ ಕೊಡಲಾಗುವುದು. ಇವುಗಳಲ್ಲೆಲ್ಲ ಪ್ರಾಮಾಣಿಕವಾದ ಅರ್ಥ ಅವನದೇ. ಅವನು ತುಂಬುತ್ತಾನೆ, ತುಂಬಿದ್ದು ಕೆಲಸ ಮಾಡುತ್ತದೆ.

ಇಷ್ಟೊಂದು ಸಂಬಂಧವಿಲ್ಲದ ಕೆಲಸಗಳಿಗೆ ಒಂದೇ ಪದ ಹೇಗೆ ಬಂತು ಎಂದು ಒಮ್ಮೆ ದೊಡ್ಡ ನಿಘಂಟು ತೆಗೆದು ನೋಡಿದೆ. ಲ್ಯಾಟಿನ್ನಿನಲ್ಲಿ ಗಾಡಿಗೆ ಕಾರ್ರುಸ್ ಎನ್ನುತ್ತಿದ್ದರಂತೆ. ಅದರಿಂದ ಗಾಡಿ ತುಂಬುವುದಕ್ಕೆ ಒಂದು ಕ್ರಿಯಾಪದ ಹುಟ್ಟಿತು, ಅದು ಫ್ರೆಂಚರ ಬಾಯಲ್ಲಿ ಸವೆದು ಚಾರ್ಜ್ ಆಗಿ ಇಂಗ್ಲಿಷಿಗೆ ಬಂತು. ಕಾರು ಅದರ ಬಳಗ, ಹಡಗಿನ ಕಾರ್ಗೋ ಅದರ ಬಳಗ. ಮೂಗು ಕಿವಿ ಅತಿಯಾಗಿ ಉಬ್ಬಿಸಿ ಬರೆಯುವ ವ್ಯಂಗ್ಯಚಿತ್ರ, ಕ್ಯಾರಿಕೇಚರ್ ಕೂಡ ಅದರದೇ ಮಗು. ಒಟ್ಟಿನಲ್ಲಿ ಮೂಲ ಅರ್ಥ ಇಷ್ಟೇ, ಹೇರು. ಬಂದೂಕಿಗೆ ಮದ್ದು ಹೇರು, ಗಿರಾಕಿಯ ಮೇಲೆ ದರ ಹೇರು, ಆರೋಪಿಯ ಮೇಲೆ ಅಪರಾಧ ಹೇರು, ಇನ್ನೊಬ್ಬನ ಹೆಗಲಿಗೆ ಕೆಲಸ ಹೇರು. ಓದಿ ನನಗೆ ನಗು ಬಂತು. ಇಷ್ಟನ್ನೂ ಕನ್ನಡದ ಎರಡಕ್ಷರದ ಪದ ಯಾವತ್ತಿನಿಂದಲೋ ಸದ್ದಿಲ್ಲದೆ ಮಾಡಿಕೊಂಡು ಬಂದಿದೆ. ನಾನು ಅದನ್ನು ರೋಮಿನವರ ಗಾಡಿಯಲ್ಲಿ ಹುಡುಕಲು ಹೋಗಿದ್ದೆ.

ಹೇರುವುದೆಂದರೇನು ಎಂಬುದನ್ನು ನಾನು ನಿಘಂಟಿನಿಂದ ಕಲಿಯಬೇಕಾಗಿರಲಿಲ್ಲ. ನಮ್ಮ ಅಬ್ಬಾ ಇಂಡಿಯ ಲಿಂಬಿ ಬಜಾರಿನಲ್ಲಿ ಹಮಾಲರಾಗಿದ್ದರು. ಆಗಿನ್ನೂ ಎತ್ತಿನ ಗಾಡಿಗಳು ಬರುತ್ತಿದ್ದವು. ಅಬ್ಬಾ ಚೀಲ ಹೊತ್ತು ಗಾಡಿಯ ಹತ್ತಿರ ಬಂದರೆ ಮೊದಲು ಎತ್ತುಗಳ ಹೆಗಲು ನೋಡುತ್ತಿದ್ದರು, ಆಮೇಲೆ ಚೀಲ ಇಳಿಸುತ್ತಿದ್ದರು. "ಇನ್ನೆರಡು ಚೀಲ ಆಗಂಗಿಲ್ರಿ ಸಾವಕಾರ್ರ, ಬಲಗಡೆ ಎತ್ತಿನ ಹೆಗಲು ಹುಣ್ಣಾಗೇತಿ" ಎಂದು ಅವರು ವ್ಯಾಪಾರಿಗೆ ಹೇಳಿದ್ದು ನಾನೇ ಕೇಳಿದ್ದೇನೆ. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ನಾನು ಕೆಲಸ ಮಾಡಿದ ಸ್ಟಾಫ್ ರೂಮುಗಳಲ್ಲಿ ಡಿಗ್ರಿ ಇಲ್ಲದವರು ಒಬ್ಬರೂ ಇರಲಿಲ್ಲ, ಹೆಗಲು ನೋಡುವವರೂ ಒಬ್ಬರೂ ಇರಲಿಲ್ಲ.

ಬಾಗೇವಾಡಿ ತಾಲ್ಲೂಕಿನ ಆ ಶಾಲೆಯಲ್ಲಿ ನಾನು ಒಂಬತ್ತು ವರ್ಷ ಇದ್ದೆ. ಗಂಡ, ಅತ್ತೆ, ಮಗಳು ಇಂಡಿಯಲ್ಲಿ, ನಾನು ಬಾಗೇವಾಡಿಯಲ್ಲಿ ಒಂದು ಕೋಣೆ ಹಿಡಿದು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಎರಡು ಬಸ್ಸು ಬದಲಿಸಿ ಮನೆ ಮುಟ್ಟುವಷ್ಟರಲ್ಲಿ ಸಂಜೆ. ಭಾನುವಾರ ಸಂಜೆ ಮತ್ತೆ ಚೀಲ ಹೆಗಲಿಗೆ. ಮಗಳು ನನ್ನನ್ನು ನೋಡಿದ ಕೂಡಲೇ ಕೇಳುತ್ತಿದ್ದ ಮೊದಲ ಮಾತು "ಅಮ್ಮಿ, ಯಾವಾಗ ಹೋಗ್ತಿ?" ಬಂದೆಯಾ ಎಂದಲ್ಲ. ಇಂಡಿ ತಾಲ್ಲೂಕಿಗೆ ವರ್ಗವಾಗಿ ಅವಳ ಜೊತೆ ಒಂದು ಮನೆಯಲ್ಲಿ ಇರಬೇಕು ಎಂಬುದೊಂದೇ ನನಗೆ ಬೇಕಾಗಿದ್ದದ್ದು. ಬೇರೇನನ್ನೂ ನಾನು ಸರ್ಕಾರದ ಹತ್ತಿರ ಕೇಳಿದವಳಲ್ಲ.

ನಾನು ಅಲ್ಲಿಗೆ ಹೋಗಿ ಎರಡು ವರ್ಷಕ್ಕೆ ಹೆಡ್‌ಮಾಸ್ತರು ನಿವೃತ್ತರಾದರು. ಹೊಸಬರು ಬರುವವರೆಗೆ ಶಿಕ್ಷಕರಲ್ಲೇ ಒಬ್ಬರು ಇನ್‌ಚಾರ್ಜ್ ಆಗಬೇಕು. ಆ ವಾರ ನಮ್ಮ ಸ್ಟಾಫ್ ರೂಮು ದವಾಖಾನೆಯಾಯಿತು. ಒಬ್ಬರಿಗೆ ಬಿ.ಪಿ., ಒಬ್ಬರಿಗೆ ಕಣ್ಣಿನ ಪೊರೆ, ಒಬ್ಬರಿಗೆ ಬೆನ್ನು. ಎಲ್ಲರಿಗಿಂತ ಹಿರಿಯರಾದ ವಿಜ್ಞಾನದ ಸರ್ ಆರೋಗ್ಯವಾಗಿಯೇ ಇದ್ದರು. ಅವರ ಕಾರಣ ಬೇರೆ.

"ನಾ ಸೈನ್ಸ್ ಮನಷ್ಯಾರಿ ಮೇಡಂ, ಈ ಕಾಗದ ಪತ್ರ ನನಗ ತಿಳಿಯಂಗಿಲ್ಲ. ನಿಮ್ಮ ಇಂಗ್ಲಿಷ್ ಛಲೋ ಐತಿ. ಎಂಟು ದಿನದ ಮಾತು, ತಗೊಂಡುಬಿಡ್ರಿ."

ನನಗಿಂತ ಕಿರಿಯರು ಯಾರೂ ಇರಲಿಲ್ಲ, ಇಲ್ಲ ಎನ್ನುವುದನ್ನು ನಾನು ಕಲಿತಿರಲಿಲ್ಲ. ತೆಗೆದುಕೊಂಡೆ. ಎಂಟು ದಿನ ಏಳು ವರ್ಷವಾಯಿತು. ನಾನು ಒಪ್ಪಿಕೊಂಡ ಮಧ್ಯಾಹ್ನವೇ ಈ ಮನುಷ್ಯ ಹತ್ತನೆಯ ತರಗತಿಗೆ ವಿದ್ಯುತ್ತಿನ ಪಾಠ ಮಾಡಿದ್ದು ಗೋಡೆಯಾಚೆ ನನಗೆ ಕೇಳುತ್ತಿತ್ತು. ಚಾರ್ಜನ್ನು ಹುಟ್ಟಿಸಲೂ ಆಗುವುದಿಲ್ಲ, ನಾಶ ಮಾಡಲೂ ಆಗುವುದಿಲ್ಲ, ಅದು ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟುತ್ತದೆ ಅಷ್ಟೇ, ಎಂದು ಗಂಟಲು ಹರಿಯುವಂತೆ ಹೇಳುತ್ತಿದ್ದರು. ಪಾಪ, ತಿಳಿದೇ ಹೇಳಿದರು.

ಚಾರ್ಜ್ ಕೊಡುವುದಕ್ಕೆ ನಮ್ಮಲ್ಲಿ ಒಂದು ಪದ್ಧತಿ ಇದೆ. ಸ್ಟೀಲಿನ ತಟ್ಟೆಯಲ್ಲಿ ಕೀಲಿಕೈಗಳ ಗೊಂಚಲು, ಅದರ ಪಕ್ಕದಲ್ಲಿ ತೆಂಗಿನಕಾಯಿ, ಊದಿನಕಡ್ಡಿ. ಹೋಗುವವರಿಗೆ ಶಾಲು, ಬರುವವರಿಗೆ ಪೇಢೆ, ಎಲ್ಲರಿಗೂ ಚಹಾ. ಆಮೇಲೆ ಚಾರ್ಜ್ ಲಿಸ್ಟಿಗೆ ಸಹಿ. ಬೆಂಚು ಎಷ್ಟು, ಕುರ್ಚಿ ಎಷ್ಟು, ಅಡುಗೆಯ ಪಾತ್ರೆ ಎಷ್ಟು ಎಂದು ನಾಲ್ಕು ಹಾಳೆ. ಅದನ್ನು ಹಿಡಿದುಕೊಂಡು ಎದ್ದು ಹೋಗಿ ಎಣಿಸುವುದು ಮಾತ್ರ ಯಾರೂ ಮಾಡಬಾರದ ಕೆಲಸ. ಎಣಿಸಿದರೆ ಹೋಗುವ ಹಿರಿಯರನ್ನು ಕಳ್ಳ ಎಂದಂತೆ. ಆದ್ದರಿಂದ ಪೇಢೆ ತಿನ್ನುತ್ತ ಸಹಿ ಮಾಡುವುದು, ಬಾಯಿ ಒರೆಸಿಕೊಳ್ಳುವುದು. ನಾನೂ ಹಾಗೇ ಮಾಡಿದೆ.

ಆ ಲಿಸ್ಟಿನ ಮೂರನೆಯ ಹಾಳೆಯಲ್ಲಿ ಒಂದು ಸಾಲಿತ್ತು: ಕಬ್ಬಿಣದ ಕಪಾಟು ಒಂದು, ಬೀಗ ಹಾಕಿದ್ದು, ಕೀಲಿಕೈ ಲಭ್ಯವಿಲ್ಲ, ಒಳಗಿನ ಸಾಮಾನು ಹಳೆಯ ಪಟ್ಟಿಯಂತೆ. ಆಮೇಲೆ ಒಂದು ದಿನ ಕುತೂಹಲಕ್ಕೆ ಹಳೆಯ ಪಟ್ಟಿ ತೆಗೆದೆ. ಅದರಲ್ಲೂ ಅದೇ ಸಾಲು. ಅದಕ್ಕಿಂತ ಹಳೆಯದರಲ್ಲೂ ಅದೇ. ನನಗಿಂತ ಮೊದಲು ಐದು ಜನ ಆ ಕಪಾಟಿಗೆ ಸಹಿ ಮಾಡಿದ್ದರು, ಒಬ್ಬರೂ ಅದರ ಒಳಗೆ ನೋಡಿರಲಿಲ್ಲ. ಆಫೀಸು ಕೋಣೆಯ ಮೂಲೆಯಲ್ಲಿ ಹಸಿರು ಬಣ್ಣದ ಅದು ನಿಂತಿತ್ತು, ಅದರ ತಲೆಯ ಮೇಲೆ ನಾವು ಧ್ವಜದ ಬಟ್ಟೆ ಇಡುತ್ತಿದ್ದೆವು.

ನಮ್ಮ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ಹೆಂಗಸು ಅದೇ ಊರಿನವಳು, ಅದೇ ಶಾಲೆಯಲ್ಲಿ ಹತ್ತನೆಯ ತರಗತಿ ಪಾಸಾದವಳು. ಪರೀಕ್ಷೆ ಮುಗಿದ ಬೇಸಿಗೆಯಲ್ಲೇ ಮದುವೆ ಮಾಡಿದ್ದರಂತೆ, ಊರಲ್ಲೇ ಕೊಟ್ಟಿದ್ದರು. ನಾನು ಇನ್‌ಚಾರ್ಜ್ ಆದ ಮೊದಲ ವರ್ಷವೇ ಆಫೀಸಿನ ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ಜೋಳದ ಹಿಟ್ಟು ಇನ್ನೂ ಒಣಗಿರಲಿಲ್ಲ.

"ಅಕ್ಕಾರ, ನನ್ನ ಮಾರ್ಕ್ಸ್‌ಕಾರ್ಡ್ ಸಾಲ್ಯಾಗ ಉಳದೈತಿ. ಹುಡುಕಿ ಕೊಡ್ರಿ. ಅಂಗನವಾಡಿ ಟೀಚರ್ ಜಾಗಾ ಖಾಲಿ ಆಗೇತಿ, ಅರ್ಜಿ ಹಾಕ್ತೇನಿ."

ತೆರೆದಿದ್ದ ಕಪಾಟುಗಳಲ್ಲಿ ಹುಡುಕಿದೆ, ಸಿಗಲಿಲ್ಲ. ಶಾಲೆಯಲ್ಲಿ ಕಳೆದಿದೆ ಎಂದು ಬರೆದುಕೊಟ್ಟರೆ ಬೋರ್ಡಿನಿಂದ ಇನ್ನೊಂದು ಪ್ರತಿ ತರಿಸಬಹುದಿತ್ತು. ವಿಜ್ಞಾನದ ಸರ್ ತಡೆದರು. "ಕಳದೈತಿ ಅಂತ ಬರದ್ರ ಯಾರ ಚಾರ್ಜಿನಾಗ ಕಳೀತು ಅಂತ ಕೇಳ್ತಾರ್ರಿ. ನಿಮ್ಮ ತಲಿಗೇ ಬರ್ತದ." ನಾನು ಹೊರಗೆ ಹೋಗಿ ಅವಳಿಗೆ ಹೇಳಿದೆ, "ನನ್ನ ಚಾರ್ಜಿನಾಗ ಇಲ್ಲವಾ."

ಅವಳು ಒಳಗೆ ಕೈ ತೋರಿಸಿದಳು. "ಆ ಹಸರ ಕಪಾಟಿನಾಗ ನೋಡೂಣಲ್ರಿ."

"ಅದಕ್ಕ ಕೀಲಿಕೈ ಇಲ್ಲ."

"ಒಡದ್ರ ಆತಲ್ರಿ."

"ಸರ್ಕಾರಿ ಕೀಲಿ ಹಂಗೆಲ್ಲ ಒಡಿಯಾಕ ಬರಂಗಿಲ್ಲ" ಎಂದೆ. ಯಾವ ಕಾನೂನಿನಲ್ಲಿ ಹಾಗೆ ಬರೆದಿದೆ ಎಂದು ಅವಳು ಕೇಳಲಿಲ್ಲ. ಆ ಕಾನೂನು ನಾನೇ ಆಗ ಹುಟ್ಟಿಸಿದ್ದು. ಏಳು ವರ್ಷದಲ್ಲಿ ಅವಳು ನಾಲ್ಕು ಸಲ ಬಂದಳು, ಪ್ರತಿ ಸಲ ಜಾಗ ಖಾಲಿಯಾದಾಗ. ನಾಲ್ಕೂ ಸಲ ಅದೇ ಉತ್ತರ ಕೊಟ್ಟೆ. ಕೊನೆಯ ಸಲದ ಹೊತ್ತಿಗೆ ಅವಳ ವಯಸ್ಸು ಆ ಕೆಲಸದ ಮಿತಿ ದಾಟಲು ಕೆಲವೇ ತಿಂಗಳು ಉಳಿದಿದ್ದವು. ಆಮೇಲೆ ಅವಳು ಬರುವುದನ್ನು ನಿಲ್ಲಿಸಿದಳು. ಮಧ್ಯಾಹ್ನ ನನಗೆ ಪ್ರತ್ಯೇಕವಾಗಿ ಬಿಸಿ ರೊಟ್ಟಿ ಬಡಿದು ಕೊಡುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಕಳೆದ ವರ್ಷ ನನ್ನ ವರ್ಗಾವಣೆಯ ಆದೇಶ ಬಂತು. ಇಂಡಿ ತಾಲ್ಲೂಕು, ಮನೆಯಿಂದ ಸ್ಕೂಟಿಯಲ್ಲಿ ಹೋಗಿ ಬರುವಷ್ಟು ದೂರ. ಸೋಮವಾರ ಬಂದ ಆದೇಶ, ಶನಿವಾರದೊಳಗೆ ಈ ಶಾಲೆಯಿಂದ ರಿಲೀವ್ ಆಗದಿದ್ದರೆ ರದ್ದು. ರಿಲೀವ್ ಎಂಬ ಪದಕ್ಕೂ ಒಂದು ಮೂಲ ಇದೆ, ಹಗುರ ಮಾಡು ಎಂದು ಅದರ ಅರ್ಥ. ಹೇರಿದ್ದನ್ನು ಇಳಿಸುವ ಪದ. ನಾನು ಅದನ್ನೂ ಹುಡುಕಿಟ್ಟುಕೊಂಡಿದ್ದೆ. ಮಗಳಿಗೆ ಫೋನ್ ಮಾಡಿ ಶನಿವಾರ ಬಂದರೆ ತಿರುಗಿ ಹೋಗುವುದಿಲ್ಲ ಎಂದೆ. ಅವಳು ನಂಬಲಿಲ್ಲ, ಅಜ್ಜಿಯ ಕೈಗೆ ಫೋನು ಕೊಟ್ಟಳು.

ಆದರೆ ಚಾರ್ಜ್ ತೆಗೆದುಕೊಳ್ಳುವವರು ಬೇಕಲ್ಲ. ತಾಲ್ಲೂಕಿನ ಆಫೀಸಿನ ಗುಮಾಸ್ತ ತಲೆ ಎತ್ತದೆ ಹೇಳಿದ, "ಚಾರ್ಜ್ ಲಿಸ್ಟಿನ ಮ್ಯಾಲೆ ಎರಡೂ ಸಹಿ ಬೇಕ್ರಿ. ಅದಿಲ್ಲಂದ್ರ ರಿಲೀವ್ ಇಲ್ಲ." ಶಾಲೆಯಲ್ಲಿ ಮತ್ತೆ ಎಲ್ಲರಿಗೂ ಬಿ.ಪಿ. ಏರಿತು. ಸೋಮವಾರದಿಂದ ಗುರುವಾರದವರೆಗೆ ನಾನು ಒಬ್ಬೊಬ್ಬರ ಟೇಬಲ್ಲಿನ ಮುಂದೆ ನಿಂತೆ. ಏಳು ವರ್ಷ ಇವರ ರಜಾ ಅರ್ಜಿಗೆ, ತಡವಾಗಿ ಬಂದದ್ದಕ್ಕೆ, ಮಧ್ಯಾಹ್ನವೇ ಮನೆಗೆ ಹೋದದ್ದಕ್ಕೆ ಕಣ್ಣು ಮುಚ್ಚಿ ಸಹಿ ಮಾಡಿದವಳು ನಾನು. ಈಗ ನನಗೆ ಒಂದು ಸಹಿ ಬೇಕಾದಾಗ ಪೆನ್ನಿನಲ್ಲಿ ಶಾಯಿ ಇಲ್ಲದವರಂತೆ ಮುಖ ಮಾಡಿದರು. ಅಂಥ ಮುಖಗಳ ಮೇಲೆ ನನಗೆ ಸಿಟ್ಟೂ ಬರಲಿಲ್ಲ. ಹೇಸಿಗೆ ಬಂತು.

ಶುಕ್ರವಾರ ವಿಜ್ಞಾನದ ಸರ್ ದಾರಿಗೆ ಬಂದರು. ಬಡ್ತಿಯ ಪಟ್ಟಿಯಲ್ಲಿ ಅವರ ಹೆಸರಿತ್ತು, ಇನ್‌ಚಾರ್ಜ್ ಆದ ಅನುಭವ ಇದ್ದರೆ ಒಳ್ಳೆಯದು ಎಂದು ಯಾರೋ ಅವರ ಕಿವಿಯಲ್ಲಿ ಹೇಳಿದ್ದರು. "ತಗೋತೇನ್ರಿ ಮೇಡಂ. ಖರೆ ಆ ಕಪಾಟು ತಗದು ತೋರಸ್ರಿ. ಒಳಗ ಖಾಲಿ ಇತ್ತಂದ್ರ ನಾಳೆ ನನ್ನ ಕಡೆ ಕೇಳ್ತಾರ."

ಶನಿವಾರ ಶಾಲೆ ಬಿಟ್ಟ ಮೇಲೆ ಕೀಲಿ ಒಡೆಯುವುದೆಂದು ತೀರ್ಮಾನವಾಯಿತು. ಸರ್ಕಾರಿ ಕೀಲಿ ಒಡೆಯಲು ಬರುವುದಿಲ್ಲ ಎಂಬ ನನ್ನ ಕಾನೂನು ಆ ದಿನ ನನಗೇ ನೆನಪಾಗಲಿಲ್ಲ. ಕಬ್ಬಿಣದ ಹಾರೆ ಇದ್ದದ್ದು ಅಡುಗೆ ಕೋಣೆಯಲ್ಲಿ. ಅದನ್ನು ತಂದವಳು ಅಡುಗೆಯವಳು, ಒಡೆದವಳೂ ಅವಳೇ. ನಾವಿಬ್ಬರು ಪದವೀಧರರು ಹಿಂದೆ ಸರಿದು ನಿಂತೆವು. ಎರಡು ಹೊಡೆತಕ್ಕೆ ತುಕ್ಕು ಹಿಡಿದ ಕೀಲಿ ನೆಲಕ್ಕೆ ಬಿತ್ತು.

ಮೇಲಿನ ಅರೆಯಲ್ಲಿ ಒಡೆದ ಗಾಜಿನ ಬುರುಡೆಗಳು, ಇಲಿ ತಿಂದ ಭೂಪಟ. ಕೆಳಗಿನ ಅರೆಯಲ್ಲಿ ಕೆಂಪು ಬಟ್ಟೆಯ ಒಂದು ಗಂಟು. ಮೇಲೆ ಚೀಟಿ: ಗ್ರಂಥಾಲಯದ ಪುಸ್ತಕ ವಾಪಸು ಕೊಡದವರು. ಬಿಚ್ಚಿದೆ. ಮಾರ್ಕ್ಸ್‌ಕಾರ್ಡುಗಳು, ಹದಿನಾಲ್ಕು. ಎಲ್ಲವೂ ಹುಡುಗಿಯರವು. ಗಂಡುಮಕ್ಕಳು ಬಂದು ಜಗಳ ಮಾಡಿ ತಮ್ಮವನ್ನು ಒಯ್ದಿರಬೇಕು. ಹುಡುಗಿಯರು ಪರೀಕ್ಷೆ ಬರೆದ ಬೇಸಿಗೆಯಲ್ಲಿ ಮದುವೆಯಾಗಿ ಹೋದವರು, ಒಂದು ಕಥೆಪುಸ್ತಕ ತಿರುಗಿ ಕೊಡಲು ಯಾರು ಅವರನ್ನು ತವರಿಗೆ, ಊರಲ್ಲೇ ಇದ್ದರೂ ಶಾಲೆಗೆ, ಕಳಿಸುತ್ತಾರೆ? ಯಾವನೋ ಒಬ್ಬ ಹೆಡ್‌ಮಾಸ್ತರು ಹರಿದ ಪುಸ್ತಕಗಳಿಗಾಗಿ ಹದಿನಾಲ್ಕು ಜನರ ಪಾಸಾದ ಕಾಗದ ಹಿಡಿದಿಟ್ಟು, ಕೀಲಿಕೈ ಜೇಬಿಗೆ ಹಾಕಿಕೊಂಡು ಹೋಗಿದ್ದ. ಅವನಾದರೂ ಒಂದು ನೆಪ ಇಟ್ಟುಕೊಂಡು ಮಾಡಿದ. ನಾವು ಆರು ಜನ ಪೇಢೆ ತಿನ್ನುತ್ತ ಮಾಡಿದೆವು.

ಮೇಲಿನಿಂದ ಐದನೆಯದು ಅಡುಗೆಯವಳದು. ಅವಳ ಹೆಸರು, ಅವಳ ತಂದೆಯ ಹೆಸರು. ಫಸ್ಟ್ ಕ್ಲಾಸ್.

ವಿಜ್ಞಾನದ ಸರ್ ನನ್ನ ಭುಜದ ಮೇಲಿಂದ ಬಗ್ಗಿ ನೋಡಿದರು, ತಕ್ಷಣ ಎರಡು ಹೆಜ್ಜೆ ಹಿಂದೆ ಹೋದರು. "ಮುಚ್ಚರಿ ಮೇಡಂ, ಮುಚ್ಚರಿ. ಇದನ್ನ ಲಿಸ್ಟಿನಾಗ ಬರದ್ರ ವಿಚಾರಣಿ ಆಗ್ತದ. ವಿಚಾರಣಿ ಮುಗಿಯೂ ತನಕ ನಿಮಗ ರಿಲೀವ್ ಇಲ್ಲ, ನನಗ ಬಡ್ತಿ ಇಲ್ಲ. ಹಿಂದಿನವರು ಬರದಂಗ ಬರೀರಿ, ಈಗ ಸಹಿ ಮಾಡ್ತೇನಿ." ಎಂದವರೇ ಪ್ಯಾಂಟಿನ ಜೇಬಿನಿಂದ ಹೊಸ ಬೀಗವೊಂದನ್ನು ತೆಗೆದರು. ಪ್ಲಾಸ್ಟಿಕ್ಕಿನ ಹೊದಿಕೆ ಇನ್ನೂ ಬಿಚ್ಚಿರಲಿಲ್ಲ.

ಅಡುಗೆಯವಳು ಹಾರೆಯನ್ನು ಗೋಡೆಗೆ ಒರಗಿಸಿ ಹತ್ತಿರ ಬಂದಳು. ನಾನು ಅವಳ ಕಾರ್ಡನ್ನು ಅವಳ ಕೈಗೆ ಕೊಟ್ಟೆ. ಸರ್ ದೊಡ್ಡ ಮನಸ್ಸು ಮಾಡಿದರು, "ಒಯ್ಯವಾ, ಒಯ್ಯಿ. ಒಳಗ ಎಷ್ಟದಾವ ಅಂತ ಪಟ್ಟಿಗೇ ಗೊತ್ತಿಲ್ಲ, ಒಂದು ಕಮ್ಮಿ ಆದ್ರ ಯಾರು ಕೇಳ್ತಾರ." ಅವಳು ಅವರ ಕಡೆ ನೋಡಲಿಲ್ಲ. ನೆಲದ ಮೇಲೆ ಕೂತು ಉಳಿದ ಕಾರ್ಡುಗಳನ್ನು ಒಂದೊಂದಾಗಿ ತಿರುವಿ ಹಾಕತೊಡಗಿದಳು. ಎಲ್ಲರೂ ಅವಳ ಜೊತೆ ಕಲಿತವರು.

"ಇಕಿನ್ನ ಆಲಮೇಲಕ್ಕ ಕೊಟ್ಟಾರ್ರಿ, ಕಬ್ಬು ಕಡಿಯಾಕ ಹೋಗ್ತಾಳ. ಇಕಿ ಚಡಚಣದಾಗ ದ್ರಾಕ್ಷಿ ತ್ವಾಟದಾಗ ಅದಾಳ. ಇಕಿ ಗೊಳಸಂಗ್ಯಾಗ." ಒಂದು ಕಾರ್ಡನ್ನು ಬೇರೆಯಾಗಿ ಇಟ್ಟಳು. "ಇಕಿ ಹ್ವಾದ ವರ್ಷ ತೀರಿಕೊಂಡ್ಳು." ಆಮೇಲೆ ತಲೆ ಎತ್ತಿ ನನ್ನನ್ನು ಕೇಳಿದಳು, "ಇವನ್ನ ಏನು ಮಾಡ್ತೀರಿ ಅಕ್ಕಾರ?"

ಗೋಡೆಯ ಗಡಿಯಾರದಲ್ಲಿ ಎರಡೂವರೆ. ನಾಲ್ಕರೊಳಗೆ ಲಿಸ್ಟನ್ನು ತಾಲ್ಲೂಕಿಗೆ ಮುಟ್ಟಿಸಬೇಕು. ಇಂಡಿಯಲ್ಲಿ ಮಗಳು ಬಾಗಿಲಲ್ಲಿ ಕೂತಿರುತ್ತಾಳೆ. ನನ್ನ ಬಾಯಿಂದ ಬಂದ ಮಾತು ನನಗೆ ಚೆನ್ನಾಗಿ ನೆನಪಿದೆ. "ಅದನ್ನ ಹೊಸ ಇನ್‌ಚಾರ್ಜ್ ನೋಡ್ತಾರವಾ" ಎಂದೆ. ಹೊಸ ಇನ್‌ಚಾರ್ಜ್ ಆಗಲೇ ಗಂಟು ಕಟ್ಟುತ್ತಿದ್ದರು. ಕಪಾಟು ಮುಚ್ಚಿ, ಕೀಲಿ ಹಾಕಿ, ಕೀಲಿಕೈಯನ್ನು ಶರ್ಟಿನ ಜೇಬಿಗೆ ಇಳಿಸಿದರು. ನಾನು ಮೂರನೆಯ ಹಾಳೆಯಲ್ಲಿ ನನ್ನ ಒಳ್ಳೆಯ ಅಕ್ಷರದಲ್ಲಿ ಬರೆದೆ: ಬೀಗ ಹಾಕಿದ್ದು, ಕೀಲಿಕೈ ಲಭ್ಯವಿಲ್ಲ, ಒಳಗಿನ ಸಾಮಾನು ಹಳೆಯ ಪಟ್ಟಿಯಂತೆ. ಅವರು ಸಹಿ ಮಾಡಿದರು. ನಾನು ಸಹಿ ಮಾಡಿದೆ.

ಇಷ್ಟು ವರ್ಷ ನಾನು ಇವರನ್ನೆಲ್ಲ ಕೀಳಾಗಿ ಕಂಡವಳು. ಹಮಾಲನ ಮಗಳು ಎಂಬ ಹೆಮ್ಮೆ ಬೇರೆ ಇಟ್ಟುಕೊಂಡಿದ್ದೆ. ಎತ್ತಿನ ಹೆಗಲು ನೋಡದೆ ಹೇರುವವರ ಸಾಲಿನಲ್ಲಿ ನನ್ನ ಸಹಿಯೂ ಇದೆ, ಎರಡು ಸಲ, ಚಾರ್ಜ್ ತೆಗೆದುಕೊಂಡಾಗ ಒಂದು, ಕೊಡುವಾಗ ಒಂದು. ವಿಜ್ಞಾನದ ಸರ್‌ಗೆ ಆ ಗಂಟಿನಲ್ಲಿ ಯಾರಿದ್ದಾರೆ ಎಂಬುದು ಬೇಕಾಗಿರಲಿಲ್ಲ. ನಾನು ಹದಿಮೂರು ಜನರ ಕಥೆಯನ್ನೂ ಕೇಳಿಸಿಕೊಂಡ ಮೇಲೆ ಆ ಸಾಲು ಬರೆದವಳು.

ಹೊರಡುವಾಗ ಅಡುಗೆಯವಳು ನನ್ನ ಚೀಲವನ್ನು ರಸ್ತೆಯವರೆಗೆ ಹೊತ್ತು ತಂದಳು. ಬೇಡ ಎಂದರೂ ಬಿಡಲಿಲ್ಲ. ಬಸ್ಸು ಕಾಣಿಸಿದಾಗ ಚೀಲ ಕೆಳಗಿಟ್ಟು, ಕುಪ್ಪಸದೊಳಗಿನಿಂದ ಮಡಿಸಿದ ಕಾರ್ಡು ತೆಗೆದು ಇಂಗ್ಲಿಷಿನ ಸಾಲಿನ ಮೇಲೆ ಬೆರಳಿಟ್ಟಳು.

"ಅರವತ್ತೆಂಟು ಅದಾವ ನೋಡ್ರಿ ಅಕ್ಕಾರ. ಮೊದಲನೇ ಸಲ ಬಂದಾಗ ನಿಮಗ ಹೇಳಿದ್ನಿ, ನನಗ ಇಂಗ್ಲಿಷಿನಾಗ ಅರವತ್ತೆಂಟು ಬಿದ್ದಾವಂತ. ನೀವು ನಕ್ಕಿದ್ರಿ."

ನಕ್ಕಿದ್ದೆ. ಬಸ್ಸು ನಿಂತಿತು, ನಾನು ಹತ್ತಿದೆ.